ಅವಳ ಹದಿನಾಲ್ಕು ಫೈಲುಗಳು

ಕಂಪ್ಯೂಟರ್ ಕೆಟ್ಟದ್ದು ನನ್ನ ತಪ್ಪಲ್ಲ. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಆಮೇಲೆ ನಡೆದದ್ದರಲ್ಲಿ ನನ್ನದಲ್ಲದ ತಪ್ಪು ಹುಡುಕಿದರೂ ಸಿಗುವುದಿಲ್ಲ. ಮಸ್ಕಿಯ ನಮ್ಮ ಮನೆಯಲ್ಲಿ ಕರೆಂಟು ಹತ್ತು ಸಲ ಹೋಗಿ ಹತ್ತು ಸಲ ಬಂದ ಒಂದು ಮಧ್ಯಾಹ್ನ ಅದು ನೀಲಿ ಪರದೆ ತೋರಿಸಿ ನಿಂತುಬಿಟ್ಟಿತು. ಮೂರು ದಿನ ಆಫ್ ಮಾಡಿ ಆನ್ ಮಾಡಿ ನೋಡಿದೆ. ನೆತ್ತಿಯ ಮೇಲೆ ಎರಡು ಬಡಿದೂ ನೋಡಿದೆ. ಕೊನೆಗೆ ಸಿಪಿಯುವನ್ನು ಹಳೇ ಟವೆಲ್ಲಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಸಿಂಧನೂರಿನ ಬಸ್ಸು ಹತ್ತಿದೆ.

ಅದರಲ್ಲಿ ಇಬ್ಬರ ಬರಹವಿತ್ತು. ನಾನು ಲಿಂಗಸುಗೂರು ಕಡೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರ. ಒಂದು ವಾರಪತ್ರಿಕೆಗೆ ಆಗಾಗ ಲೇಖನ ಕಳಿಸುವ ಚಟವಿದೆ. ಹಾಳೆಯ ಮೇಲೆ ಬರೆಯುವುದು ನಾನು, ಟೈಪ್ ಮಾಡುವುದು ನನ್ನ ಹೆಂಡತಿ. ಮದುವೆಗೆ ಮುಂಚೆ ಅವಳು ಲಿಂಗಸುಗೂರಿಗೆ ಹೋಗಿ ಬಂದು ಮಾಡಿ ಟೈಪಿಂಗ್ ಕಲಿತವಳು. ಅಡಿಗೆ ಮುಗಿಸಿ, ಕೈ ಒರೆಸಿಕೊಂಡು ಕೂತರೆ ನನ್ನ ನಾಲ್ಕು ಪುಟ ಅರ್ಧ ಗಂಟೆಯ ಕೆಲಸ. ನನ್ನ ಲೇಖನ ಅಚ್ಚಾದಾಗ ಅದರ ಕೆಳಗೆ ನನ್ನ ಹೆಸರಷ್ಟೇ ಇರುತ್ತಿತ್ತು. ಇರಬೇಕಾದದ್ದೂ ಅಷ್ಟೇ ಎಂದು ನಾನು ತಿಳಿದಿದ್ದೆ.

ಎರಡು ವರ್ಷದ ಹಿಂದೆ ಅವಳು ತನ್ನದೂ ಒಂದಿಷ್ಟು ಬರೆಯತೊಡಗಿದ್ದಳು. ಅವಳ ತವರು ಗುರುಗುಂಟಾ. ಕುರಿ ಸಾಕಿದ ಮನೆ. ಆ ಕುರಿಗಳ ಬಗ್ಗೆ, ಹಟ್ಟಿಯಲ್ಲಿ ನಡೆದ ಜಗಳಗಳ ಬಗ್ಗೆ, ಏಳು ವರ್ಷಕ್ಕೇ ಜ್ವರ ಬಂದು ತೀರಿಕೊಂಡ ತಂಗಿಯ ಬಗ್ಗೆ. ಆ ಕೂಸಿನ ಮಾತನ್ನು ಅವರ ಮನೆಯಲ್ಲಿ ಯಾರೂ ಎತ್ತುವುದಿಲ್ಲವಂತೆ. ಇವಳೊಬ್ಬಳೇ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಓಡಾಡಿದ್ದಳು. ಇಂಥ ಹದಿನಾಲ್ಕು ಫೈಲುಗಳಾಗಿದ್ದವು. ಇಷ್ಟೂ ನನಗೆ ಗೊತ್ತಿದ್ದದ್ದು ಅವಳು ಹೇಳಿದ್ದರಿಂದ.

ಒಮ್ಮೆ ಚಹಾ ಕೊಡುತ್ತ, ಒಂದೀಟು ನೋಡಿರಿ ಎಂದು ಕರೆದಿದ್ದಳು. ನಾನು ಅವಳ ಹಿಂದೆ ನಿಂತು ಎರಡು ಸಾಲು ನೋಡಿದೆ. ಎರಡನೆಯ ಸಾಲಿನಲ್ಲಿ 'ಹೋಗ್ಯಾಳ' ಎಂದಿತ್ತು. ಬರೆಯುವಾಗ 'ಹೋಗಿದ್ದಾಳೆ' ಎಂದು ಬರೆಯಬೇಕು, ಆಡಿದ ಹಾಗೆಲ್ಲ ಬರೆದರೆ ಅದು ಸಾಹಿತ್ಯ ಆಗುವುದಿಲ್ಲ ಎಂದು ಪಾಠ ಮಾಡಿ, ಚಹಾ ಕುಡಿದು, ಶಾಲೆಗೆ ಹೊರಟೆ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪರರ ಎಲೆಯ ನೊಣ ಕಾಣುವ ಜಾತಿಯವನು ನಾನು. ಅವಳು ಮತ್ತೆ ಕರೆಯಲಿಲ್ಲ. ಬರೆಯುವುದನ್ನು ಮಾತ್ರ ಬಿಡಲಿಲ್ಲ.

ಕಂಪ್ಯೂಟರ್ ಕೆಟ್ಟ ವಾರ ಅವಳು ಗುರುಗುಂಟಾದಲ್ಲಿದ್ದಳು. ತಂಗಿಯ ಕೊನೆಯ ದಿನಗಳ ಬಗ್ಗೆ ತನ್ನ ಚಿಗವ್ವನನ್ನು ಕೇಳಿ ಬರೆದುಕೊಳ್ಳಬೇಕೆಂದು ಹೋಗಿದ್ದಳು. ಸಿಂಧನೂರಿನ ಅಂಗಡಿಯವನು ಒಳ್ಳೆಯ ಕೆಲಸಗಾರ. ನಾನು ಜೊತೆಗೆ ಒಯ್ದಿದ್ದ ಬೇರೆ ಹಾರ್ಡ್ ಡಿಸ್ಕಿಗೆ ಎಲ್ಲವನ್ನೂ ಮೊದಲು ತುಂಬಿಕೊಂಡ. ಹಳೆಯದನ್ನು ಒರೆಸಿ ಹೊಸ ವಿಂಡೋಸ್ ಹಾಕಿದ. ತುಂಬಿಕೊಂಡದ್ದನ್ನು ಮತ್ತೆ ಇದ್ದಲ್ಲಿಗೇ ಇಟ್ಟ. ಒಂದು ಫೈಲೂ ಹೋಗಿಲ್ಲ, ಮನೆಯಲ್ಲಿ ನೋಡಿಕೊಳ್ಳಿರಿ ಎಂದ. ಅವನು ಹೇಳಿದ್ದು ಅಕ್ಷರಶಃ ನಿಜವಾಗಿತ್ತು.

ಮನೆಗೆ ಬಂದು ನನ್ನ ಲೇಖನಗಳನ್ನು ಒಂದೊಂದಾಗಿ ತೆರೆದೆ. ಎಲ್ಲವೂ ಇದ್ದವು. ತೆರೆದದ್ದಕ್ಕೆ ಒಂದೆರಡನ್ನು ಓದಿಯೂ ಬಿಟ್ಟೆ, ಎಷ್ಟು ಚೆಂದ ಬರೆದಿದ್ದೇನೆ ಎನ್ನಿಸಿತು. ಆಮೇಲೆ ಅವಳ ಫೋಲ್ಡರ್. ಮೊದಲನೆಯದನ್ನು ತೆರೆದರೆ ಕನ್ನಡದ ಒಂದಕ್ಷರವಿಲ್ಲ. ಬರೀ ಇಂಗ್ಲಿಷ್ ಅಕ್ಷರ, ಅವುಗಳ ತಲೆಗೆ ಟೊಪ್ಪಿಗೆ, ಬುಡಕ್ಕೆ ಬಾಲ, ನಡುನಡುವೆ ಚುಕ್ಕೆ. ಎರಡನೆಯದೂ ಹಾಗೇ, ಹದಿನಾಲ್ಕನೆಯದೂ ಹಾಗೇ. ಅಂಗಡಿಗೆ ಫೋನ್ ಮಾಡಿದೆ. ಅವನು ಗಿರಾಕಿಗಳ ನಡುವೆ ಇದ್ದ. ನೋಡದೆ ಏನೂ ಹೇಳಲಿಕ್ಕಾಗದು, ತೊಗೊಂಡು ಬರ್ರಿ ಅಂದ. ಮತ್ತೆ ಆ ಗಂಟು ಹೊತ್ತು ಸಿಂಧನೂರಿಗೆ ಹೋಗುವ ತಾಳ್ಮೆ ನನಗಿರಲಿಲ್ಲ. ಗುರುಗುಂಟಾಕ್ಕೆ ಒಂದು ಫೋನ್ ಮಾಡಿ ಅವಳನ್ನೇ ಕೇಳಬಹುದಿತ್ತು. ಅದು ಹೊಳೆಯಲೇ ಇಲ್ಲ. ಮನೆಯಲ್ಲಿ ಓದಿಕೊಂಡವನು ನಾನು ತಾನೆ?

ವೈರಸ್ ಬಡಿದಿದೆ ಎಂದು ನಾನೇ ತೀರ್ಮಾನ ಮಾಡಿದೆ. ವೈರಸ್ಸು ಒಂದರಿಂದ ಇನ್ನೊಂದಕ್ಕೆ ಹತ್ತುತ್ತದೆ ಎಂದು ಸ್ಟಾಫ್ ರೂಮಿನಲ್ಲಿ ಕೇಳಿದ್ದೆ. ನನ್ನ ಲೇಖನಗಳಿಗೆ ಹತ್ತಿದರೆ ಏನು ಗತಿ? ಹದಿನಾಲ್ಕನ್ನೂ ಪೂರ್ತಿ ಅಳಿಸಿದೆ. ಹಾರ್ಡ್ ಡಿಸ್ಕಿನಲ್ಲಿ ಅವುಗಳ ನಕಲಿತ್ತಲ್ಲ, ಅದನ್ನೂ ಬಿಡಲಿಲ್ಲ. ಇಡೀ ಡಿಸ್ಕನ್ನೇ ಒರೆಸಿ, ನನ್ನವನ್ನೂ ಹಳೆಯ ಫೋಟೋಗಳನ್ನೂ ಹೊಸದಾಗಿ ತುಂಬಿದೆ. ಇರಲಿ ಎಂದು ಎರಡು ಸಲ ತುಂಬಿದೆ.

ಎರಡು ದಿನದ ಮೇಲೆ ಅವಳು ಬಂದಳು. ಬ್ಯಾಗು ಕೆಳಗಿಡುವ ಮುಂಚೆಯೇ ಹೇಳಿದೆ, ನಿನ್ನವಕ್ಕೆ ವೈರಸ್ ಬಡಿದಿತ್ತು, ತೆಗೆದುಹಾಕಬೇಕಾಯಿತು ಎಂದು. ಹೇಗೆ ಕಾಣುತ್ತಿದ್ದವು ಎಂದು ಕೇಳಿದಳು. ಟೊಪ್ಪಿಗೆ, ಬಾಲ, ಚುಕ್ಕೆ ಎಲ್ಲವನ್ನೂ ಕೈಯಾಡಿಸಿ ವರ್ಣಿಸಿದೆ. ಅವಳು ಬ್ಯಾಗು ಕೆಳಗಿಟ್ಟಳು.

"ನಿಮ್ಮವು ಎಲ್ಲಾ ಬಂದಾವಲ್ರೀ?" ಎಂದಳು.

ಬಂದಿವೆ ಎಂದೆ. ಒಳ್ಳೇದಾತು ಎಂದು ಒಳಗೆ ಹೋದಳು. ಇಷ್ಟು ಸಲೀಸಾಗಿ ಮುಗಿಯಿತಲ್ಲ ಎಂದು ನನಗೆ ಹಾಯೆನಿಸಿತು. ಮಾರನೆಯ ವಾರ ನನ್ನ ಹೊಸ ಲೇಖನವನ್ನು ಎಂದಿನಂತೆ ಟೈಪ್ ಮಾಡಿಕೊಟ್ಟಳು.

ತಿಂಗಳ ಮೇಲಾಗಿತ್ತು. ಶಾಲೆಯ ಕೆಲಸಕ್ಕೆಂದು ಲಿಂಗಸುಗೂರಿನ ಒಂದು ಕಚೇರಿಗೆ ಹೋಗಿದ್ದೆ. ಗುಮಾಸ್ತನೊಬ್ಬ ಒಂದು ಹಳೆಯ ಸುತ್ತೋಲೆ ತೆರೆದ. ಅದೇ ಟೊಪ್ಪಿಗೆ, ಅದೇ ಬಾಲ. ನಾನು ಕುರ್ಚಿ ಹಿಂದಕ್ಕೆ ಸರಿಸಿ, ವೈರಸ್ ಐತಿ, ಮೊದಲು ಅದನ್ನ ಅಳಿಸು ಎಂದೆ. ಅವನು ನಕ್ಕ.

"ವೈರಸ್ ಅಲ್ರೀ ಸರ್. ಇದು ಹಳೇ ಫಾಂಟಿನಾಗ ಬರದದ್ದು. ಆ ಫಾಂಟ್ ಈ ಕಂಪ್ಯೂಟರಿನಾಗಿಲ್ಲ, ಅದಕ್ಕ ಹಿಂಗ ಕಾಣಾಕತ್ತೈತಿ."

ಪೆನ್ ಡ್ರೈವ್ ಚುಚ್ಚಿ ಅದೇನೋ ಹಾಕಿದ. ಸುತ್ತೋಲೆಯನ್ನು ಮುಚ್ಚಿ ಮತ್ತೆ ತೆರೆದ. ಪರದೆ ತುಂಬ ಕನ್ನಡ. ಒಂದು ಒತ್ತಕ್ಷರವೂ ಹೋಗಿರಲಿಲ್ಲ. ಹೊಸ ವಿಂಡೋಸ್ ಹಾಕಿದರೆ ಹಳೇ ಫಾಂಟುಗಳನ್ನು ನಾವೇ ಹಾಕಿಕೊಳ್ಳಬೇಕು, ಎರಡು ನಿಮಿಷದ ಕೆಲಸ ಎಂದು ವಿವರಿಸಿದ. ನನ್ನ ಲೇಖನಗಳು ಹೇಗೆ ಬಂದವು ಎಂದು ಕೇಳಿದೆ. ಪತ್ರಿಕೆಯವರಿಗೆ ಕಳಿಸುವುದು ಹೊಸ ಬಗೆಯ ಅಕ್ಷರದಲ್ಲಿರುತ್ತದೆ, ಅದಕ್ಕೆ ಏನೂ ಹಾಕಬೇಕಿಲ್ಲ ಎಂದ. ಅಂದರೆ ನನ್ನ ಹೆಂಡತಿ ನನಗಾಗಿ ಹೊಸದನ್ನು ಕಲಿತಿದ್ದಳು. ತನಗಾಗಿ ಬರೆಯುವಾಗ ಮಾತ್ರ ತಾನು ಹುಡುಗಿಯಾಗಿದ್ದಾಗ ಕಲಿತದ್ದರಲ್ಲೇ ಬರೆದಿದ್ದಳು. ಅದು ನನಗೆ ಗೊತ್ತಿರಲಿಲ್ಲ. ಅವಳ ಫೈಲುಗಳು ಸಿಂಧನೂರಿನಿಂದ ಒಂದು ಕೂದಲೂ ಕೊಂಕದೆ ಮನೆಗೆ ಬಂದಿದ್ದವು. ಕೊಂದವನು ನಾನು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಈಗ ಹಾರ್ಡ್ ಡಿಸ್ಕನ್ನೂ ಸಿಪಿಯುವನ್ನೂ ಹೊತ್ತು ಸಿಂಧನೂರಿಗೆ ಓಡಿದೆ. ಅಂಗಡಿಯವನು ಅರ್ಧ ದಿನ ಏನೇನೋ ಹಾಕಿ ಜಾಲಾಡಿದ. ಬಂದದ್ದು ಯಾರದೋ ಮದುವೆಯ ಫೋಟೋ, ನನ್ನ ಒಂದು ಭಾಷಣ, ಹಳೆಯ ಪ್ರಶ್ನೆಪತ್ರಿಕೆ. ಅಳಿಸಿದ ಮೇಲೆ ಏನಾದರೂ ತುಂಬಿದ್ದಿರಾ ಎಂದು ಕೇಳಿದ. ನಾನು ಎರಡು ಸಲ ಎಂದೆ.

"ಅವುಗಳ ಮ್ಯಾಲ ನಿಮ್ಮವು ಕುಂತಾವ ಸರ್. ಇನ್ನ ಸಿಗಂಗಿಲ್ಲ."

ಹೇಳುವುದೋ ಬಿಡುವುದೋ ಎಂದು ನಾಲ್ಕು ದಿನ ಒದ್ದಾಡಿದೆ. ಅವಳಿಗೆ ಹೇಗೂ ಗೊತ್ತಾಗುವುದಿಲ್ಲ ಎಂಬ ನೀಚ ಸಮಾಧಾನವೂ ಬಂದುಹೋಯಿತು. ರವಿವಾರ ಮುಂಜಾನೆ ಅವಳು ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಾಗ ಎದುರಿಗೆ ಕೂತು ಎಲ್ಲವನ್ನೂ ಹೇಳಿದೆ. ಅವಳ ಕೈ ನಿಲ್ಲಲಿಲ್ಲ. ಅದು ಫಾಂಟಿನದೇ ಎಂದು ತನಗೆ ಅವತ್ತೇ, ನಾನು ಟೊಪ್ಪಿಗೆ ಎಂದಾಗಲೇ ತಿಳಿಯಿತು ಅಂದಳು. ಹಾಗಿದ್ದರೆ ಯಾಕೆ ಹೇಳಲಿಲ್ಲ ಎಂದು ನನಗೇ ಸಿಟ್ಟು ಬಂತು, ನಾಚಿಕೆಯಿಲ್ಲದ ಸಿಟ್ಟು. ಅಳಿಸಿ ಆಗಿತ್ತಲ್ಲ, ಹೇಳಿ ಏನು ಮಾಡುವುದಿತ್ತು ಅಂದಳು.

ಮತ್ತೆ ಬರಿ, ಫಾಂಟು ನಾನೇ ಹಾಕಿಸಿಕೊಡುತ್ತೇನೆ, ಒಂದಕ್ಷರವನ್ನೂ ತಿದ್ದುವುದಿಲ್ಲ ಎಂದೆ. ಬೇಡಿಕೊಂಡೆ ಎಂದರೂ ಸರಿ. ಒಮ್ಮೆ ಹೇಳಿ ಹೊಟ್ಟೆ ಹಗುರ ಮಾಡಿಕೊಂಡದ್ದನ್ನು ಮತ್ತೆ ತುಂಬಿಕೊಳ್ಳಲು ತನ್ನಿಂದ ಆಗುವುದಿಲ್ಲ ಎಂದಳು. ಕಾಳಿನಲ್ಲಿದ್ದ ಹರಳೊಂದನ್ನು ಆರಿಸಿ ಆಚೆ ಹಾಕಿ, ಮೊದಲ ಸಲ ಕೈ ನಿಲ್ಲಿಸಿದಳು.

"ಒಂದು ಕೇಳ್ತೀನಿ, ಖರೇ ಹೇಳ್ರಿ. ನನ್ನ ಫೈಲ್ ನೀವಾಗೇ ತೆರದದ್ದು ಅವತ್ತ ಮೊದಲನೇ ಸಲ, ಹೌದಲ್ರೀ?"

ಹೌದು ಎಂದೆ.

ಅವಳು ತಲೆಯಾಡಿಸಿ ಮತ್ತೆ ಜೋಳಕ್ಕೆ ಕೈ ಹಾಕಿದಳು. ಅವತ್ತಿನಿಂದ ನನ್ನ ಲೇಖನಗಳನ್ನು ನಾನೇ ಒಂದು ಬೆರಳಿನಲ್ಲಿ ಟೈಪ್ ಮಾಡುತ್ತಿದ್ದೇನೆ. ಮಾಡಿಕೊಡುವುದಿಲ್ಲ ಎಂದು ಅವಳು ಹೇಳಿಲ್ಲ. ಮಾಡಿಕೊಡು ಎಂದು ಕೇಳುವ ಮುಖ ನನಗೆ ಉಳಿದಿಲ್ಲ.