ಸೇತುವೆಗೆ ನುಗ್ಗಿದ ಮೀನುಗಳು

ಜೋಗೇಶ್ವರಿಯಲ್ಲಿ ಮನೆಯಿದ್ದ ಶ್ರಾವ್ಯಾ ಪವಾಯಿಯ ಒಂದು ಸಂಸ್ಥೆಯಲ್ಲಿ ಪಿಎಚ್.ಡಿ. ಮಾಡುತ್ತಿದ್ದಳು. ಸಣ್ಣ ಮೀನುಗಳು ಗುಂಪಾಗಿ ಈಜುವಾಗ ಒಂದಕ್ಕೊಂದು ಢಿಕ್ಕಿ ಹೊಡೆಯುವುದಿಲ್ಲ ಯಾಕೆ ಎಂಬುದು ಅವಳ ವಿಷಯ. ಮಾಟುಂಗದ ಹೋಟೆಲಿನಲ್ಲಿ ಮ್ಯಾನೇಜರ್ ಆಗಿದ್ದ ಅಪ್ಪ ಕೊರಗಪ್ಪನಿಗೆ ಇದರಲ್ಲಿ ಒಂದೇ ತಕರಾರು.

"ಇಷ್ಟು ವರ್ಷ ಮೀನಿನ ಒಟ್ಟಿಗೇ ಇದ್ದಿ ಮಾರಾಯ್ತಿ, ಒಂದು ದಿನವಾದ್ರೂ ಸಾರಿಗೆ ತಂದದ್ದುಂಟಾ?"

ಶ್ರಾವ್ಯಾಳಿಗೆ ಮನುಷ್ಯರಿಗಿಂತ ಮೀನುಗಳ ಸಹವಾಸ ಸಲೀಸು. ಹಾಗಾಗಿ, ಬೇರೆ ಬೇರೆ ವಿಭಾಗದ ಸಂಶೋಧಕರು ತಂಡ ಕಟ್ಟಿಕೊಂಡು ಊರಿನ ಯಾವುದಾದರೊಂದು ತೊಂದರೆಗೆ ದಾರಿ ಹುಡುಕುವ ಕಾರ್ಯಕ್ರಮಕ್ಕೆ ಗೈಡ್ ಅವಳ ಹೆಸರು ಕೊಟ್ಟಾಗ ತಪ್ಪಿಸಿಕೊಳ್ಳಲು ನೆಪ ಹುಡುಕಿದಳು. ತಂಡದಲ್ಲಿ ಗಣಿತದ ಸೋನಾಲಿ, ಸಿವಿಲ್ ವಿಭಾಗದ ಸಿದ್ದಲಿಂಗಪ್ಪ ಇದ್ದರು. ಮೂವರೂ ಕನ್ನಡದವರೆಂಬುದು ಸಮಾಧಾನ. ಹತ್ತಿರದ ರೈಲು ಸ್ಟೇಷನ್ನಿನ ಪಾದಚಾರಿ ಸೇತುವೆಯ ನೂಕುನುಗ್ಗಲನ್ನು ಆರಿಸಿಕೊಂಡರು.

"ಅರೇ, ಮೊದಲು ಒಂದು ಮಾಡೆಲ್ ಮಾಡೋಣ," ಅಂದಳು ಸೋನಾಲಿ. ಉಳಿದಿಬ್ಬರೂ ತಲೆಯಾಡಿಸಿದರು. ತಂತಮ್ಮ ವಿಭಾಗಕ್ಕೆ ಹೋಗಿ ಮೂವರೂ ಮಾಡೆಲ್ ಮಾಡಿದರು.

ಪ್ರದರ್ಶನದ ದಿನ ಸಂಚಾಲಕಿ ನಾಗರತ್ನಾ ಮೇಡಂ ಬಂದು, "ಎಲ್ಲಿ ನಿಮ್ಮ ಮಾಡೆಲ್?" ಎಂದರು. ಸೋನಾಲಿ ಸಮೀಕರಣ ತುಂಬಿದ ಹಾಳೆ ಬಿಚ್ಚಿದಳು. ಸಿದ್ದಲಿಂಗಪ್ಪ ಥರ್ಮಾಕೋಲಿನ ಸೇತುವೆ ಇಟ್ಟ. ಶ್ರಾವ್ಯಾ ಮೀನಿನ ತೊಟ್ಟಿ ಇಟ್ಟಳು.

"ಮೀನ್ಯಾಕ ತಂದಿ?" ಎಂದ ಸಿದ್ದಲಿಂಗಪ್ಪ.

"ನಮ್ಮಲ್ಲಿ ಮನುಷ್ಯರ ಬದಲಿಗೆ ಪರೀಕ್ಷೆ ಮಾಡುವ ಪ್ರಾಣಿಗೇ ಮಾಡೆಲ್ ಅನ್ನೋದು."

"ಹಂಗಾದ್ರ ನಂದೇನು, ಫರ್ನಿಚರ್ರಾ?"

"ಅರೇ ಯಾರ್, ಮಾಡೆಲ್ ಅಂದ್ರೆ ಇಕ್ವೇಷನ್!" ಎಂದಳು ಸೋನಾಲಿ.

ಜಗಳ ಕೇಳಿ ಪಕ್ಕದ ತಂಡಗಳೆಲ್ಲ ಮುತ್ತಿಕೊಂಡವು. ಮೇಡಂ ಬಾಯಿಗೆ ಸೆರಗು ಒತ್ತಿ ನಕ್ಕರು. ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆಂದು ಗಾಬರಿಯಾದ ಶ್ರಾವ್ಯಾ, ಏನಾದರೂ ಮಾಡಲೇಬೇಕೆಂದು ಸೇತುವೆಯ ಎರಡು ಪಕ್ಕದ ಗೋಡೆಗಳನ್ನು ಲಟಕ್ಕನೆ ಮುರಿದಳು.

"ಅಯ್ಯ ಯವ್ವಾ!" ಎಂದು ಸಿದ್ದಲಿಂಗಪ್ಪ ಎದೆ ಹಿಡಿದುಕೊಂಡ.

ಅವಳು ಅವನ್ನು ತೊಟ್ಟಿಯ ನಡುವೆ ಅಡ್ಡಲಾಗಿ ಒತ್ತಿ ಕೂರಿಸಿ, ಎರಡರ ಮಧ್ಯೆ ಸಣ್ಣ ಸಂದು ಬಿಟ್ಟು, ಆಚೆ ಬದಿಗೆ ತಿಂಡಿ ಉದುರಿಸಿದಳು. ಮೀನುಗಳು ಸಾಲಾಗಿ ದಾಟುತ್ತವೆಂದು ಅವಳ ನಂಬಿಕೆ. ಅವು ಒಂದರ ಮೇಲೊಂದು ಬಿದ್ದು ಸಂದಿನಲ್ಲೇ ಸಿಕ್ಕಿಕೊಂಡವು!

"ಥೇಟ್ ವಿರಾರ್ ಲೋಕಲ್ ಟ್ರೇನಿನ ಬಾಗಿಲು!" ಎಂದು ಯಾರೋ ಕೂಗಿದರು.

ಸಭೆ ನಕ್ಕಿತು; ಶ್ರಾವ್ಯಾ ನಗಲಿಲ್ಲ. ಢಿಕ್ಕಿ ಹೊಡೆಯದ ಮೀನುಗಳ ಮೇಲೆ ಅವಳ ಪ್ರಬಂಧವೇ ನಿಂತಿತ್ತು. ಮರುದಿನ ಹೆದರುತ್ತಲೇ ಗೈಡ್‌ಗೆ ಹೇಳಿದಳು. ಅವರು ಮೊದಲು ಮುಖ ಸಿಂಡರಿಸಿದರು, ಆಮೇಲೆ ಕುರ್ಚಿ ಎಳೆದುಕೊಂಡು, "ಸಂದು ಎಷ್ಟು ಅಗಲವಿತ್ತು?" ಎಂದರು. ಪ್ರಬಂಧಕ್ಕೆ ಹೊಸ ಅಧ್ಯಾಯ ಸಿಕ್ಕಿತ್ತು.

ಬಹುಮಾನ ಬೇರೆ ತಂಡಕ್ಕೆ ಹೋಯಿತು. ಈ ಮೂವರಿಗೆ ಅದು ಗೊತ್ತಾದದ್ದೂ ತಡವಾಗಿ. ಕ್ಯಾಂಟೀನಿನಲ್ಲಿ ಚಹಾ ತಣ್ಣಗಾಗಲು ಬಿಟ್ಟು, ಸಂದು ಇನ್ನೆಷ್ಟು ಅಗಲ ಮಾಡಬೇಕೆಂದು ಅವರು ಜೋರಾಗಿ ಕಿತ್ತಾಡುತ್ತಿದ್ದರು. ಎಲ್ಲರಿಗಿಂತ ದೊಡ್ಡ ದನಿ ಶ್ರಾವ್ಯಾಳದು.