ಟೇಲರ್ ಅಕ್ಕ ಹಾಡಿದ ಹತ್ತು ಹಾಡು

ಕಳೆದ ವಾರ ಸಿರುಗುಪ್ಪದಲ್ಲಿ ರವಿಕೆ ಹೊಲಿಯಲು ಕೊಡಲೆಂದು ಅಂಗಡಿಯೊಂದರ ಮುಂದೆ ನಿಂತಿದ್ದೆ. ಒಳಗೆ ಯಾರೋ ಮಷೀನಿಗೆ ಎಣ್ಣೆ ಬಿಟ್ಟರು. ಆ ವಾಸನೆಗೆ ಕುರುಗೋಡಿನ ನಮ್ಮ ಓಣಿಯ ಟೇಲರ್ ಅಕ್ಕ ನೆನಪಾದರು...

ನಮ್ಮ ಮನೆಯಲ್ಲಿ ರೇಡಿಯೋ ಇರಲಿಲ್ಲ, ಅವರ ಮನೆಯಲ್ಲಿತ್ತು. ದಿನವೂ ಬಳ್ಳಾರಿಯ ಕಾಲೇಜು ಮುಗಿಸಿ ಬಸ್ಸಿಳಿದವಳು ನೇರ ಅಲ್ಲಿಗೆ ಹೋಗಿ, ಗುಂಡಿ ಹಚ್ಚಿಕೊಡುತ್ತಾ ಹಾಡು ಕೇಳುತ್ತಿದ್ದೆ. ಪ್ರತಿ ಭಾನುವಾರ, ಆ ವಾರ ಮನಸ್ಸಿಗೆ ಹಿಡಿಸಿದ ಹತ್ತು ಹಾಡುಗಳ ಮೊದಲ ಸಾಲುಗಳನ್ನು ನೋಟುಬುಕ್ಕಿನಲ್ಲಿ ಒಂದರಿಂದ ಹತ್ತರವರೆಗೆ ಬರೆದಿಡುತ್ತಿದ್ದೆ. ಹೋದ ವಾರಕ್ಕಿಂತ ಮೇಲೆ ಬಂದ ಹಾಡಿಗೆ ಮೇಲ್ಮುಖದ ಬಾಣ, ಇಳಿದದ್ದಕ್ಕೆ ಕೆಳಮುಖದ್ದು. ಯಾರಿಗೂ ತೋರಿಸುತ್ತಿರಲಿಲ್ಲ, ಅಕ್ಕನಿಗೂ.

ಒಂದು ದಿನ ಆ ಬುಕ್ಕು ಅಪ್ಪನ ಕೈಗೆ ಸಿಕ್ಕಿತು. ಅಪ್ಪ ಹಾಡು ಕೇಳುವವರಲ್ಲ. ಸಾಲುಸಾಲಿಗೂ ನಲ್ಲ, ನಿನ್ನ ಕಣ್ಣು, ಒಮ್ಮೆ ಬಾ ಎಂದಿತ್ತು. ಅರ್ಧ ತೆಲುಗು, ಜೊತೆಗೆ ಬಾಣದ ಗುರುತು ಬೇರೆ. ಯಾವನಿಗೋ ಬರೆದ ಪತ್ರವೆಂದೇ ತಿಳಿದರು. ಹಾಡುಗಳೆಂದು ನಾನು ಅತ್ತು ಹೇಳಿದರೂ ನಂಬದೆ, ನಾಳೆಯಿಂದ ಕಾಲೇಜಿಲ್ಲ ಎಂದರು. ಅವ್ವ ಓಡಿಹೋಗಿ ಅಕ್ಕನನ್ನು ಕರೆತಂದಳು.

ಗಂಡ ತೀರಿದ ಮೇಲೆ ಅಕ್ಕ ಅಳತೆಯ ಮಾತು ಬಿಟ್ಟು ಹೆಚ್ಚೇನೂ ಆಡುತ್ತಿರಲಿಲ್ಲ. ಅವರು ಹಾಡಿದ್ದನ್ನಂತೂ ಓಣಿಯಲ್ಲಿ ಯಾರೂ ಕೇಳಿರಲಿಲ್ಲ. ಅಂಥವರು ನಮ್ಮ ಕಟ್ಟೆಯ ಮೇಲೆ ಕುಳಿತು, ಬುಕ್ಕನ್ನು ತೊಡೆಯ ಮೇಲಿಟ್ಟುಕೊಂಡು ಮೊದಲನೆಯದನ್ನು ಹಾಡಿದರು. ದನಿ ಒಡೆಯುತ್ತಿತ್ತು. ಎರಡು, ಮೂರು... ಅಕ್ಕಪಕ್ಕದವರು ಬಾಗಿಲಿಗೆ ಬಂದು ನಿಂತರು. ಏಳನೆಯದಕ್ಕೆ ಸ್ವಲ್ಪ ತಡೆದು ನನ್ನತ್ತ ನೋಡಿದರು. ಆಮೇಲೆ ಯಾವುದೋ ಬೇರೆ ರಾಗದಲ್ಲಿ ಹಾಡಿಬಿಟ್ಟರು. ಅದು ನನಗೊಬ್ಬಳಿಗೇ ಗೊತ್ತಾಯಿತು.

ಹತ್ತೂ ಮುಗಿಸಿ, "ಇದ್ರಾಗ ಹುಡುಗ ಯಾರೂ ಇಲ್ರಿ ಅಣ್ಣಾ. ನಮ್ಮನಿ ರೇಡಿಯೋ ಐತಿ, ಅಷ್ಟ" ಎಂದರು.

ಅಪ್ಪ ಬುಕ್ಕನ್ನು ನನ್ನ ಕೈಗಿಟ್ಟು, "ಮುಂಜಾನಿ ಬಸ್ ತಪ್ಪಿಸ್ಕೋಬ್ಯಾಡ" ಎಂದರು. ನಾನು ಆಗಲೇ ಒಳಗೋಡಿ ನಾಳೆಯ ಪುಸ್ತಕಗಳನ್ನು ಜೋಡಿಸಿಟ್ಟೆ.

ಓದು ಮುಗಿದು ಸಿರುಗುಪ್ಪದಲ್ಲಿ ಕೆಲಸಕ್ಕೆ ಸೇರಿ ಎಷ್ಟೋ ವರ್ಷವಾದ ಮೇಲೆ ಅಕ್ಕನನ್ನು ಕಾಣಲು ಹೋದೆ. ಕಣ್ಣು ಮಂಜಾಗಿ ಹೊಲಿಯುವುದನ್ನು ಬಿಟ್ಟಿದ್ದರು. ಅಂದು ನೀವು ಬರದಿದ್ದರೆ ನನಗೆ ಈ ಬದುಕಿರುತ್ತಿರಲಿಲ್ಲ ಎಂದೆ. ಅವರು ನಕ್ಕರು.

"ಏಳನೇದು ನಾ ಕೇಳೇ ಇರಲಿಲ್ಲವ್ವಾ. ಹಾಡೋ, ಖರೇನ ಪತ್ರಾನೋ ತಿಳೀಲಿಲ್ಲ. ನಿನ್ನ ಮಾರಿ ನೋಡಿ ರಾಗ ಕಟ್ಟಿದೆ."

ಅಷ್ಟೂ ವರ್ಷ ಆ ಅನುಮಾನವನ್ನು ತಮ್ಮಲ್ಲೇ ಇಟ್ಟುಕೊಂಡಿದ್ದರು. ಅದು ಹಾಡೇ, ಬಸ್ಸಿನಲ್ಲಿ ಕೇಳಿದ್ದು ಎಂದು ಹೇಳಿ, ಸರಿಯಾದ ರಾಗದಲ್ಲಿ ಹಾಡಿ ತೋರಿಸಿದೆ. ಅಕ್ಕ ಕಣ್ಣು ಮುಚ್ಚಿ ಕೇಳಿ, "ಸದ್ಯ" ಎಂದರು.

ಹೋದ ಚಳಿಗಾಲದಲ್ಲಿ ಅಕ್ಕ ತೀರಿಕೊಂಡರು. ಸುದ್ದಿ ತಡವಾಗಿ ಬಂದು ಮಣ್ಣಿಗೂ ಹೋಗಲಾಗಲಿಲ್ಲ... ಆ ನೋವು ಇದ್ದೇ ಇದೆ. ಆದರೂ, ಅವರು ನನ್ನನ್ನು ನಂಬಿದ್ದು ಸುಳ್ಳಾಗಲಿಲ್ಲ ಎಂಬುದನ್ನು ಅವರಿಗೇ ಹೇಳಿ ಬಂದೆನಲ್ಲ, ಆ ಸಮಾಧಾನ ನನಗೆ ಉಳಿದಿದೆ.