ಬೆಂಕಿ ರೋಗವನ್ನು ಸಾಕಿದ ಮೇಡಂ

ಮೊನ್ನೆ ಪಕ್ಕದ ಗದ್ದೆಯವರು ಔಷಧಿ ಹೊಡೆಯುತ್ತಿದ್ದರು. ಗಾಳಿ ನಮ್ಮ ಕಡೆಗಿತ್ತು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಮೇಡಂ ನೆನಪಾದರು. ಆ ವಾಸನೆ ಬಂದರೆ ನನಗೆ ಇಂದಿಗೂ ನಾಚಿಕೆಯಾಗುತ್ತದೆ...

ತೊಂಬತ್ತರ ದಶಕದ ನಡುಭಾಗ. ನಂಜನಗೂಡು ಕಡೆಯ ಹೆಡತಲೆ ಎಂಬ ಊರಿನಲ್ಲಿ ನಮ್ಮದು ಕಾಲುವೆ ನೀರಿನ ಭತ್ತದ ಗದ್ದೆ. ಎಲೆ ಸುಡುವ ಬೆಂಕಿ ರೋಗಕ್ಕೆ ಜಗ್ಗದ ತಳಿಯೊಂದನ್ನು ಹುಟ್ಟಿಸಬೇಕೆಂದು ಸಂಶೋಧನಾ ಕೇಂದ್ರದ ಮೇಡಂ ಒಬ್ಬರು ಬಂದು, ನನ್ನ ಹತ್ತು ಗುಂಟೆಯನ್ನು ಪ್ರಯೋಗಕ್ಕೆ ಕೇಳಿದರು. ನನಗಾಗ ಮದುವೆಯಾಗಿ ಒಂದು ವರ್ಷ; ಊರಿಗೆಲ್ಲ ನಾನೇ ಬುದ್ಧಿವಂತ ಎಂದುಕೊಂಡಿದ್ದ ಕಾಲ. ಒಪ್ಪಿಕೊಂಡೆ.

ಅವರು ಮಾಡಿದ್ದನ್ನು ನೋಡಿ ಊರೇ ನಕ್ಕಿತು. ನಲವತ್ತು ಬಗೆಯ ಪೈರನ್ನು ಸಾಲುಸಾಲಾಗಿ ನೆಡಿಸಿ, ನಡುನಡುವೆ ಬೇಗ ರೋಗ ಹಿಡಿಯುವ ಹಳೇ ಭತ್ತ ಹಾಕಿಸಿದರು. ಬೇಕೆಂದೇ ಯೂರಿಯಾ ಹೆಚ್ಚು ಸುರಿಸಿದರು, ಸಂಜೆ ಎಲೆಗಳ ಮೇಲೆ ನೀರು ಚಿಮುಕಿಸಿದರು. ಎಲ್ಲವೂ ರೋಗ ಬರಲಿ ಎಂದೇ. ನಮ್ಮ ದೊಡ್ಡಪ್ಪ ಬದುವಿನ ಮೇಲೆ ನಿಂತು, "ಬೀದೀಲಿ ಓಗೋ ಮಾರೀನ ಮನೇಗ್ ಕರ್ದಂಗಾಯ್ತಲ್ಲ, ಬೇಕಿತ್ತೇನ್ಲಾ ನಿಂಗೆ?" ಎಂದು ರೇಗಿಸಿದರು.

ಎಲೆಯ ಮೇಲೆ ಕಂದು ಚುಕ್ಕೆ ಕಂಡ ದಿನ ಮೇಡಂ ಮುಖ ಅರಳಿತ್ತು. ಸೀರೆ ಎತ್ತಿ ಸಿಕ್ಕಿಸಿ, ಕೆಸರಿಗಿಳಿದು, ಒಂದೊಂದು ಎಲೆಯನ್ನೂ ಭೂತಗನ್ನಡಿಯಲ್ಲಿ ನೋಡಿ, ರೋಗ ಎಷ್ಟು ಹಿಡಿದಿದೆ ಎಂದು ಅಂಕ ಹಾಕುತ್ತಿದ್ದರು. ಸುತ್ತ ರೋಗ ಉರಿಯುವಾಗಲೂ ಪ್ರತಿ ಸಾಲಿನಲ್ಲೂ ಹಸಿರಾಗಿ ನಿಂತ ಗಿಡದ ಬೀಜವನ್ನಷ್ಟೇ ಮುಂದಿನ ವರ್ಷಕ್ಕೆ ಎತ್ತಿಡುವುದು. ಹೀಗೆ ನಾಲ್ಕು ವರ್ಷ ಕಳೆದವು. ಐದನೆಯ ವರ್ಷವೂ ಗೆದ್ದರೆ ಬೀಜ ಬೇರೆ ಬೇರೆ ಊರಿನ ಗದ್ದೆಗಳಲ್ಲಿ ನಡೆಯುವ ದೊಡ್ಡ ಪರೀಕ್ಷೆಗೆ ಹೋಗುತ್ತದೆ ಎಂದಿದ್ದರು. ಅವರ ನಿವೃತ್ತಿಗೂ ಅದೊಂದೇ ವರ್ಷ ಬಾಕಿ.

ಆ ಐದನೆಯ ವರ್ಷ ಅವರ ತಾಯಿಗೆ ಕಾಯಿಲೆಯಾಗಿ ಮೂರು ವಾರ ಬರಲಿಲ್ಲ. ಅಷ್ಟರಲ್ಲಿ ರೋಗದ ಸಾಲುಗಳು ಸುಟ್ಟ ಹಾಗಾದವು. ಕಣ್ಣೆದುರು ಪೈರು ಸಾಯುವಾಗ ಕೈಕಟ್ಟಿ ನಿಲ್ಲುವುದನ್ನು ನಮ್ಮ ಮನೆಯಲ್ಲಿ ಯಾರೂ ಕಲಿಸಿರಲಿಲ್ಲ. ಪಂಪು ಬೆನ್ನಿಗೇರಿಸಿ ಎರಡು ಸಲ ಔಷಧಿ ಹೊಡೆದುಬಿಟ್ಟೆ, ಒಂದು ಸಾಲನ್ನೂ ಬಿಡದೆ.

ಮೇಡಂ ಬಂದಾಗ ನಾನೇ ಎದುರು ಹೋದೆ. "ಔಷ್ದಿ ಒಡ್ದಿವ್ನಿ ಮೇಡಂ. ಈಗ ಎಲ್ಲಾ ಚೆಂದಾಗವೆ."

ಅವರು ಬದುವಿನ ಮೇಲೆ ಕೂತುಬಿಟ್ಟರು. "ಯಾವುದು ತನ್ನ ಶಕ್ತಿಯಿಂದ ನಿಂತಿದೆ, ಯಾವುದು ನಿನ್ನ ಔಷಧಿಯಿಂದ ನಿಂತಿದೆ ಅಂತ ಈಗ ಹೇಗಪ್ಪಾ ಹೇಳಲಿ?" ಎಂದರು. ಆಗ ನನ್ನ ತಲೆಗೆ ಹೋಯಿತು. ಮಾಡಿದ ತಪ್ಪು ಮುಚ್ಚಿಕೊಳ್ಳಲು ಅವರಿಗೊಂದು ತಪ್ಪು ಹೇಳಿಕೊಟ್ಟೆ. "ಗೆದ್ದವೆ ಅಂತ ಬರ್ಕೊಬುಡಿ ಮೇಡಂ, ಯಾರ್ಗ್ ಗೊತ್ತಾಯ್ತದೆ?"

"ರೋಗಕ್ಕೆ ಗೊತ್ತಾಗುತ್ತೆ" ಎಂದರು.

ನನ್ನೆದುರಿಗೇ ಪುಸ್ತಕ ತೆಗೆದು, ಔಷಧಿ ಬಿದ್ದಿದೆ, ಈ ವರ್ಷದ ಫಲಿತಾಂಶ ಪರಿಗಣಿಸುವಂತಿಲ್ಲ ಎಂದು ಬರೆದರು. ನನ್ನ ಹೆಸರು ಬರೆಯಲಿಲ್ಲ. ಆಮೇಲೆ ಬುತ್ತಿ ಬಿಚ್ಚಿ ನನಗೂ ಅರ್ಧ ಕೊಟ್ಟು, "ನಿನಗೆ ನಾನು ಸರಿಯಾಗಿ ಬಿಡಿಸಿ ಹೇಳಬೇಕಿತ್ತು" ಎಂದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅಷ್ಟು ದೊಡ್ಡ ಮನಸ್ಸಿನ ಇನ್ನೊಬ್ಬರನ್ನು ನಾನು ಕಂಡಿಲ್ಲ.

ಮರುವರ್ಷ, ನಾಲ್ಕನೆಯ ವರ್ಷದ ಪೈರಿನಿಂದ ಅವರು ತೆಗೆದಿಟ್ಟಿದ್ದ ಬೀಜದಿಂದಲೇ ಮತ್ತೆ ನೆಟ್ಟೆವು. ಗದ್ದೆ ಉರಿಯಿತು, ನಾನು ಹಲ್ಲು ಕಚ್ಚಿ ನಿಂತೆ. ನಲವತ್ತರಲ್ಲಿ ಮೂರು ಸಾಲು ಹಸಿರಾಗಿ ಉಳಿದವು. ಅಷ್ಟರಲ್ಲಿ ಮೇಡಂಗೆ ನಿವೃತ್ತಿಯಾಗಿತ್ತು. ಆದರೂ ನಂಜನಗೂಡಿನಲ್ಲಿ ಬಸ್ಸು ಬದಲಿಸಿಕೊಂಡು ಬಂದು, ಕೊನೆಯ ಎಲೆಯವರೆಗೂ ಅಂಕ ಹಾಕಿಯೇ ಹೋದರು.

ದೊಡ್ಡ ಪರೀಕ್ಷೆಗಳು ಮುಗಿಯಲು ವರ್ಷಗಳೇ ಹಿಡಿದವು. ಆ ಮೂರರಲ್ಲಿ ಒಂದು ಕೊನೆಗೂ ರೈತರ ಕೈಗೆ ಬಂತು. ಹೇಳಿ ಬರೋಣವೆಂದು ಒಂದು ಹಿಡಿ ಭತ್ತ ಕಟ್ಟಿಕೊಂಡು ಮೈಸೂರಿನ ಅವರ ಮನೆಗೆ ಹೋದೆ. ಬಾಗಿಲು ತೆರೆದ ಅವರ ತಂಗಿ, ಅಕ್ಕ ತೀರಿಕೊಂಡು ಎಂಟು ತಿಂಗಳಾಯಿತು ಎಂದರು...

ಈಗಲೂ ಅದೇ ಭತ್ತ ನೆಡುತ್ತೇನೆ. ನೋಡಿ ಕೇಳಿದವರಿಗೆಲ್ಲ ಮೇಡಂ ಕಥೆ ಹೇಳುತ್ತೇನೆ. ಒಂದು ಮಾತು ಮಾತ್ರ ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ. ಅಂದು ನಾನು ಸುಮ್ಮನಿದ್ದಿದ್ದರೆ ಈ ತಳಿ ಒಂದು ವರ್ಷ ಮುಂಚೆ ಬರುತ್ತಿತ್ತು. ಅವರು ಅದನ್ನು ಕಣ್ಣಾರೆ ನೋಡಿರುತ್ತಿದ್ದರು.